ಬೈಯದೆ ಇರುವ ಕೆಲಸ

ನೀರಿನ ಪರೀಕ್ಷೆಯ ನನ್ನ ಮೊದಲ ಕೆಲಸ ನೆನಪಾದಾಗಲೆಲ್ಲ ಮಾರಿಕಣಿವೆ ಹಿನ್ನೀರಿನ ಹತ್ತಿರದ ಒಂದು ಮನೆ ಕಣ್ಣಮುಂದೆ ಬರುತ್ತದೆ. ಜಲಾಶಯದ ಬೇರೆ ಬೇರೆ ಕಡೆ ತುಂಬಿಸಿದ ನೀರಿನ ಬಾಟಲಿಗಳನ್ನು ಆ ಮನೆಯ ಜಗಲಿಯ ಮೇಲಿಟ್ಟು, ಮಜ್ಜಿಗೆ ಕುಡಿಯಲು ಒಳಗೆ ಹೋಗಿದ್ದೆ. ಹೊರಗೆ ಬಂದಾಗ ಒಂದು ಬಾಟಲಿ ಖಾಲಿ.

ಮನೆಯೊಡತಿ ಕರಿಯಮ್ಮ ತನ್ನ ಪುಟ್ಟ ಮಗಳನ್ನು ಕರೆದಳು. “ಲೇ ಗೌರಿ, ಯಾರೇ ಇದನ್ನ ಖಾಲಿ ಮಾಡಿದ್ದು?”

“ನಾನೇ,” ಎಂದಳು ಗೌರಿ, ಕಂಬದ ಹಿಂದಿನಿಂದ. “ಕುರಿಮರಿಗೆ ಬಾಯಾರಿತ್ತು, ಕುಡಿಸ್ದೆ.”

ನಾನು ಬಾಯಿ ತೆರೆಯುವಷ್ಟರಲ್ಲಿ ಕರಿಯಮ್ಮ ಕೈ ಅಡ್ಡ ಹಿಡಿದಳು. “ಬೈಬ್ಯಾಡ್ರಿ ಮೇಡಂ. ಕೂಸು ನಿಜ ಹೇಳೈತೆ. ಇವತ್ತು ಬೈದ್ರೆ ನಾಳೆ ಸುಳ್ಳು ಹೇಳ್ತೈತೆ. ಶಹಬ್ಬಾಸ್ ಅನ್ರಿ.”

“ನಾನಾ?”

“ಮತ್ತೆ? ನೀರು ನಿಮ್ದಲ್ವಾ?”

ಹೊಳಲ್ಕೆರೆಯ ನಮ್ಮ ಮನೆಯಲ್ಲೂ ಇದೇ ಕಾನೂನಿತ್ತು. ಒಡೆದದ್ದನ್ನು ಒಪ್ಪಿಕೊಂಡರೆ ಅಮ್ಮ ಬೈಯುತ್ತಿರಲಿಲ್ಲ; ಸೆರಗಿನಿಂದ ಮುಖ ಒರೆಸಿ ಚೂರು ಬೆಲ್ಲ ಕೊಡುತ್ತಿದ್ದಳು. ಅವಳಿಗೆ ಕೋಪವೇ ಬರುವುದಿಲ್ಲ ಎಂದುಕೊಂಡಿದ್ದೆ. ಎಷ್ಟು ಸಲ ಅದನ್ನು ನುಂಗಿಕೊಂಡಿದ್ದಳೆಂದು ಆ ಜಗಲಿಯಲ್ಲಿ ನಿಂತಾಗ ಗೊತ್ತಾಯಿತು. ಆ ಒಂದು ಬಾಟಲಿಗಾಗಿ ನಾನು ಮತ್ತೆ ಬಿಸಿಲಲ್ಲಿ ಆಚೆ ದಡಕ್ಕೆ ಹೋಗಬೇಕಿತ್ತು.

“ಶಹಬ್ಬಾಸ್ ಗೌರಿ,” ಎಂದೆ.

ಅವಳ ಮುಖ ಅರಳಿತು. ಓಡಿ ಬಂದು ಪಕ್ಕದ ತುಂಬಿದ ಬಾಟಲಿ ಮುಟ್ಟಿ ತೋರಿಸಿದಳು. “ಇದನ್ನೂ ನಾನೇ ಕುಡಿಸಿದ್ದು! ಆಮೇಲೆ ನಮ್ಮ ಕೊಡದ ನೀರು ತುಂಬ್ಸಿಟ್ಟೆ!”

ಅವಳು ಹೇಳದಿದ್ದರೆ ಅವರ ಮನೆಯ ಕೊಡವನ್ನೇ ಜಲಾಶಯವೆಂದು ಪರೀಕ್ಷಿಸಿ ವರದಿ ಬರೆಯುತ್ತಿದ್ದೆ. ಆ ಬಾಟಲಿಯ ನೀರನ್ನೂ ಚೆಲ್ಲಿ, ಎರಡನೆಯ ಶಹಬ್ಬಾಸ್ ಹೇಳಿದೆ. ಈ ಸಲ ಅದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ.