ಮಾತಾಡದೆ ತರಬೇಕಾಗಿದ್ದ ಎಲೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಾಯಿ ಮುಚ್ಚಿಕೊಂಡಿರುವುದೇ ಕೆಲಸ ಎಂಬಂಥ ಕೆಲಸ ನನಗೆ ಜೀವನದಲ್ಲಿ ಒಂದೇ ಸಲ ಸಿಕ್ಕಿತ್ತು. ಅದನ್ನೂ ಕೆಡಿಸಿದೆ.

ಇದು ಮೂರು ವರ್ಷದ ಹಿಂದಿನ ಶ್ರಾವಣದ ಮಾತು. ಯರಗಟ್ಟಿಯಲ್ಲಿ ನಮ್ಮ ಮನೆ. ನಾನು ಶಾಲೆಯ ಗ್ಯಾದರಿಂಗು, ಮದುವೆಗಳಲ್ಲಿ ಮಿಮಿಕ್ರಿ ಮಾಡುವವನು. ಊರಲ್ಲಿ ನನ್ನ ಬಾಯಿಗೆ ಬೀಳದವರಿಲ್ಲ. ನಾನೇ ಹೆದರಿದಾಗ ನನ್ನ ಧ್ವನಿ ಹೇಗಾಗುತ್ತದೆ ಎಂಬುದನ್ನೂ ಮಾಡಿ ತೋರಿಸುತ್ತೇನೆ, ಅದಕ್ಕೇ ಜಾಸ್ತಿ ಚಪ್ಪಾಳೆ. ಅಕ್ಕ ಕಸ್ತೂರಿ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ಆ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಕೆಲವು ದಿನ ಸೂಜಿಮದ್ದು, ಆಮೇಲೆ ಕೆಲವು ದಿನ ಮನೆ, ಮತ್ತೆ ಆಸ್ಪತ್ರೆ. ಕೂದಲು ಹೋಯಿತು, ಬಾಯಿ ತುಂಬ ಹುಣ್ಣಾಯಿತು. ಮನೆಯಲ್ಲಿ ಎಲ್ಲರೂ ಪಿಸುಗುಡತೊಡಗಿದೆವು. ನಾನಂತೂ ಯಾರ ಧ್ವನಿಯನ್ನೂ ಮಾಡುವುದು ಬಿಟ್ಟುಬಿಟ್ಟಿದ್ದೆ.

ಮಗಳ ಆ ಬಾಯಿ ನೋಡಲಾರದೆ ಅವ್ವ ಒಂದು ದಿನ ಹೇಳಿದಳು: “ಉಗರಗೋಳದಾಗ ಒಬ್ಬ ಅಜ್ಜ ರಕ್ತದ ಬ್ಯಾನಿಗಿ ಎಲಿ ಕೊಡ್ತಾನಂತ. ಕುಡಿಯೋ ತನಕ ತಂದಾಂವ ಮಾತಾಡಬಾರದಂತ. ಅದ ಹಿಡೀತಂದ್ರ ಮುಂದಿನ ಸೂಜಿಗಿ ಹೋಗೋದ ಬ್ಯಾಡ.”

ಅಕ್ಕನ ಮುಂದಿನ ಸೂಜಿ ಇದ್ದದ್ದು ಸೋಮವಾರ. ಶನಿವಾರ ಸಂಜೆಯೇ ನಾನು ಉಗರಗೋಳಕ್ಕೆ ಹೋಗಿ ಅಜ್ಜನ ಪಡಸಾಲೆಯಲ್ಲಿ ಮಲಗಿದೆ. ಅಜ್ಜ ಒಳ್ಳೆಯವನು, ಒಂದು ಪೈಸೆ ಮುಟ್ಟುವವನಲ್ಲ. ಮಾತಿಗೊಮ್ಮೆ ಗಂಟಲು ಕೆರೆಯುತ್ತಿದ್ದ. ನಾನು ಮನಸ್ಸಿನಲ್ಲೇ ಅದರ ತಾಲೀಮು ಮಾಡಿಕೊಂಡೆ. ಬೆಳಗಾಗುತ್ತಲೇ ಹೊಲದ ಬದುವಿನಿಂದ ಎಲೆ ಹರಿದು ತಂದ.

“ಗಿಡದ ಹೆಸರು ಕೇಳಬ್ಯಾಡ. ಹೆಸರು ಹೇಳಿದ್ರ ಗುಣ ಹೋಗ್ತೈತಿ. ಎಲಿ ನಿನ್ನ ಕೈಗಿ ಬಿದ್ದಾಗಿಂದ ನಿಮ್ಮಕ್ಕನ ಗಂಟಲದಾಗ ಇಳಿಯೋ ತನಕ ಒಂದ ಮಾತ ಆಡಬಾರದು. ಆಡಿದ್ಯೋ, ಅದು ಬರೇ ಸೊಪ್ಪು.”

“ಆತ್ರಿ ಅಜ್ಜ” ಎಂದೆ. ಎಲೆ ಕೈಗೆ ಬಿತ್ತು. ನನ್ನ ಬಾಯಿ ಮುಚ್ಚಿತು.

ಬಸ್ಸಿನಲ್ಲಿ ಕಂಡಕ್ಟರ್ “ಎಲ್ಲಿಗೋ?” ಎಂದ. ನಾನು ಕೈಬಾಯಿ ತಿರುಗಿಸಿ ಏನೇನೋ ಮಾಡಿದೆ. ಪಕ್ಕದಲ್ಲಿ ಕುಳಿತ ಮುದುಕಿಯೊಬ್ಬಳು ಲೊಚಗುಟ್ಟಿದಳು: “ಪಾಪ, ಮೂಕ ಐತಿ ಕೂಸು. ಮಾರಿ ಮ್ಯಾಲೂ ದೇವರು ಭಾಳ ಲಕ್ಷ್ಯ ಕೊಟ್ಟಿಲ್ಲ ನೋಡು.”

ಇಡೀ ಬಸ್ಸು ತಿರುಗಿ ನನ್ನ ಮುಖ ನೋಡಿತು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಅಕ್ಕನನ್ನು ನೆನೆದು ನುಂಗಿಕೊಂಡೆ.

ಮನೆ ಮುಟ್ಟಿದಾಗ ಅಕ್ಕ ತಲೆಗೆ ಸ್ಕಾರ್ಫು ಸುತ್ತಿಕೊಂಡು ಮಂಚದ ಮೇಲೆ ಕುಳಿತಿದ್ದಳು. ಅವ್ವ ಎಲೆ ಅರೆದು ಸೋಸಿ ಬಟ್ಟಲಲ್ಲಿ ತಂದಳು. ಅಕ್ಕ ಬಟ್ಟಲು ಹಿಡಿದಳು, ಕುಡಿಯಲಿಲ್ಲ. ನನ್ನನ್ನೇ ನೋಡಿದಳು.

“ಎಷ್ಟ ದಿನ ಆತೋ ನಿನ್ನ ಬಾಯಾಗ ಒಂದ ಧ್ವನಿ ಕೇಳಿ? ಆಸ್ಪತ್ರ್ಯಾಗೂ ಸುಮ್ಮನ, ಮನ್ಯಾಗೂ ಸುಮ್ಮನ. ನಮ್ಮ ಬೆಳಗಾವಿ ಬಸ್ಸಿನ ಕಂಡಕ್ಟರನ್ನ ಒಂದೀಟ ಮಾಡೋ.”

ನಾನು ಕೈಮುಗಿದೆ, ಬಟ್ಟಲು ತೋರಿಸಿದೆ.

“ಮೊದಲ ಕುಡಿಯವ್ವ, ಆಮ್ಯಾಲ ಸಾಕ ಅನ್ನುವಷ್ಟ ಮಾತಾಡ್ತಾನ” ಎಂದಳು ಅವ್ವ.

“ಇಂವ ಮಾಡಂಗಿಲ್ಲಂದ್ರ ನಾನ ಮಾಡ್ತೇನಿ” ಎಂದು ಅಕ್ಕ ಹುಣ್ಣಿನ ಬಾಯಲ್ಲೇ ಶುರು ಮಾಡಿದಳು: “ಹಿಂದಕ್ಕ ಸರೀರಿ, ದಯವಿಟ್ಟು ಹಿಂದಕ್ಕ ಸರೀರಿ…”

ಅಷ್ಟು ಕೆಟ್ಟ ಮಿಮಿಕ್ರಿಯನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಮ್ಮ ಕಂಡಕ್ಟರ್ ದಯವಿಟ್ಟು ಎನ್ನುವುದುಂಟೇ? ತಡೆಯಲಾಗಲಿಲ್ಲ.

“ಹಂಗಲ್ಲಬೇ ಅಕ್ಕಾ! ಮೂಗಿನ್ಯಾಗಿಂದ ಬರಬೇಕು: ಏಏ ಹಿಂದಕ್ಕ ಸರೀರೀ, ಹಿಂದ ಒಂದ ಊರ ಖಾಲಿ ಐತೀ!”



“ಅಯ್ಯ ಖೋಡಿ, ಕೆಡಿಸಿದೆಲ್ಲೋ!” ಎಂದು ಅವ್ವ ಅಲ್ಲೇ ಕುಸಿದು ಕುಳಿತಳು. ಅಕ್ಕ ಮಾತ್ರ ನಗುತ್ತಿದ್ದಳು. ಹುಣ್ಣು ಉರಿಯುತ್ತದೆಂದು ಎರಡೂ ಕೈಯಿಂದ ಬಾಯಿ ಒತ್ತಿ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವ್ವ ಬಟ್ಟಲನ್ನು ಹಿತ್ತಲಿಗೆ ಒಯ್ದು ಸುರಿದಳು.

ಸೋಮವಾರ ಮೂವರೂ ಬೆಳಗಾವಿಗೆ ಹೋದೆವು. ಉಳಿದಿದ್ದ ಒಂದು ಎಲೆಯನ್ನು ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಬೈಯಲಿಲ್ಲ. ಎಲೆಯನ್ನು ತಿರುವಿ ತಿರುವಿ ನೋಡಿದರು.

“ಇದು ಯಾವ ಗಿಡ ನನಗ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಈ ಸೂಜಿ ಜೋಡಿ ಕುಡಿಸಬ್ಯಾಡ್ರಿ. ನಿಮ್ಮ ಅಂಗಳದಾಗ ಸದಾಪುಷ್ಪ ಐತೇನು, ಗುಲಾಬಿ ಬಣ್ಣದ ಹೂವು?”

“ಐತ್ರಿ. ದಿನಾ ಪೂಜಿಗಿ ಹರೀತೇನಿ” ಎಂದಳು ಅವ್ವ.

“ಹಿಂದಿನವರು ಅದನ್ನ ಸಕ್ಕರಿ ಬ್ಯಾನಿಗಿ ಕುಡೀತಿದ್ರು. ಅದನ್ನ ಪರೀಕ್ಷಾ ಮಾಡಾಕ ಹೋದಾಗ, ಬಿಳಿ ರಕ್ತಕಣ ಕಡಿಮಿ ಮಾಡೋ ಸತ್ವ ಅದರಾಗ ಸಿಕ್ತು. ಈ ಬ್ಯಾನ್ಯಾಗ ಮಿತಿಮೀರಿ ಹೆಚ್ಚೋದು ಅದ ಕಣ. ನಿಮ್ಮ ಮಗಳಿಗೆ ಕೊಡೋ ಸೂಜ್ಯಾಗ ಒಂದು ಆ ಗಿಡದ್ದ. ಹಂಗಂತ ಮನಿಗಿ ಹೋಗಿ ಎಲಿ ಅರಿಯಾಕ ಹೋಗಬ್ಯಾಡ್ರಿ ಮತ್ತ, ಅದು ವಿಷ. ಎಷ್ಟು ಕೊಡಬೇಕಂತ ಅಳಿಯಾಕ ಬರಬೇಕು, ಆವಾಗ ಅದು ಔಷಧ.”

“ಹಂಗಾರ ಉಳಿದ ಗಿಡದಾಗೂ ಇರಬಹುದಲ್ರಿ?” ಎಂದೆ.

“ಇರಬಹುದು. ಭಾಳ ಗಿಡಗಳನ್ನ ಪರೀಕ್ಷಾ ಮಾಡಾಕತ್ತಾರ. ಗಾಜಿನ ತಟ್ಟ್ಯಾಗ ರೋಗದ ಕಣ ಸತ್ರ ಸಾಲಂಗಿಲ್ಲ, ಮನಶ್ಯಾನ ಮೈಯಾಗ ಕೆಲಸ ಮಾಡಬೇಕು. ಅದಕ್ಕ ವರ್ಷಗಟ್ಟಲೆ ಬೇಕು.”

ಅವತ್ತು ಅಕ್ಕನ ರಕ್ತನಾಳಕ್ಕೆ ಇಳಿದದ್ದು ಬಣ್ಣವೇ ಇಲ್ಲದ ನೀರಿನಂಥ ಮದ್ದು. ಅವ್ವ ಅದಕ್ಕೆ ಕೈಮುಗಿದಳು. ಮನೆಗೆ ಬಂದ ಮೇಲೆ ಆ ಗಿಡದ ಹೂ ಹರಿಯುವುದನ್ನು ಬಿಟ್ಟು ಬರೀ ನೀರು ಹಾಕತೊಡಗಿದಳು.

ಅಕ್ಕ ಚೇತರಿಸಿಕೊಂಡಳು. ಕೂದಲು ಬಂತು, ಹೊಲಿಗೆಯೂ ಶುರುವಾಯಿತು. ನಾನು ಹೊಸ ಧ್ವನಿ ಕಲಿತು ಬಂದರೆ, ಅವಳು ಮಷೀನು ತುಳಿಯುವುದನ್ನು ನಿಲ್ಲಿಸಿದರೆ ಪಾಸು, ತುಳಿಯುತ್ತಲೇ ಇದ್ದರೆ ಫೇಲು. ಒಂದು ವರ್ಷ ಹಾಗೆ ಇದ್ದಳು. ಆಮೇಲೆ ಕಾಯಿಲೆ ಮರಳಿತು. ಹೋದ ವರ್ಷ ಅಕ್ಕ ತೀರಿಕೊಂಡಳು.

ಈಗ ಜನ ಚಪ್ಪಾಳೆ ಹೊಡೆಯುತ್ತಾರೆ, ಆದರೆ ಪಾಸಾದೆನೋ ಫೇಲಾದೆನೋ ಗೊತ್ತೇ ಆಗುವುದಿಲ್ಲ. ಯಾವುದೋ ಬೇರಿನಲ್ಲಿ, ಯಾವುದೋ ತೊಗಟೆಯಲ್ಲಿ ರಕ್ತದ ಕ್ಯಾನ್ಸರಿಗೆ ಆಗಬಹುದಾದ ಸತ್ವ ಸಿಕ್ಕಿದೆ ಎಂದು ಮೊಬೈಲಿನಲ್ಲಿ ಸುದ್ದಿ ಬಂದರೆ ಕೊನೆಯವರೆಗೂ ಓದುತ್ತೇನೆ. ಕೊನೆಗೆ ಇನ್ನೂ ವರ್ಷಗಳು ಬೇಕು ಎಂದೇ ಇರುತ್ತದೆ. ಸ್ವಲ್ಪ ಬೇಗ ಬಂದಿದ್ದರೇನಾಗುತ್ತಿತ್ತು ಎಂದು ಆ ಗಿಡದ ಮೇಲೇ ಸಿಟ್ಟು ಬರುತ್ತದೆ.

ಕಾಯಿಲೆ ಮರಳಿದ ಮೇಲೆ ನನ್ನೊಳಗೊಂದು ಹುಳ ಕೊರೆಯುತ್ತಿತ್ತು. ಡಾಕ್ಟರಮ್ಮ ಏನೇ ಹೇಳಿರಲಿ, ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ? ಒಂದು ಮಧ್ಯಾಹ್ನ ಆಸ್ಪತ್ರೆಯಲ್ಲಿ, ಅವ್ವ ಊಟ ತರಲು ಹೋಗಿದ್ದಾಗ, ಅಕ್ಕನನ್ನೇ ಕೇಳಿಬಿಟ್ಟೆ. ಕಣ್ಣು ಮುಚ್ಚಿಕೊಂಡಿದ್ದವಳು ಒಂದು ಕಣ್ಣು ಮಾತ್ರ ತೆರೆದಳು.

“ಗಿಡದ ಔಷಧ ಸೂಜ್ಯಾಗ ಬಂತಲ್ಲೋ ಹುಚ್ಚಪ್ಪಾ. ಅವತ್ತ ನನ್ನ ನಗಿಸಿದ ನಿನ್ನ ಮಾತನ್ನ ಯಾವ ಸೂಜ್ಯಾಗ ತುಂಬಿ ಕೊಡ್ತಿದ್ರು?”