ಪ್ಯಾಸೆಂಜರ್ ರೈಲಿನ ಕಿಟಕಿ ಸೀಟು

ದೆವ್ವ, ಪವಾಡ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಗುಬ್ಬಿಯಿಂದ ತುಮಕೂರಿಗೆ ಹೊರಟ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ನಡೆದದ್ದನ್ನು ಏನೆಂದು ಕರೆಯಲಿ, ನೀವೇ ಹೇಳಿ.

ನನ್ನ ಹೆಂಡತಿ ಸಾವಿತ್ರಿಗೆ ಆಗ ಏಳು ತಿಂಗಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಅಂದು ಬೆಳಿಗ್ಗೆ ನೋವು ಶುರುವಾಯಿತು. ಬಸ್ಸಿನ ಕುಲುಕಾಟಕ್ಕೆ ಹೆದರಿ, ತುಮಕೂರಿನ ಆಸ್ಪತ್ರೆಗೆ ರೈಲೇ ವಾಸಿ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು! ಈ ಗಾಡಿಯಿಂದ ಲಾಭವಿಲ್ಲ ಎಂದು ಯಾರೋ ಪುಣ್ಯಾತ್ಮರು ಎರಡು ಬೋಗಿ ಕಿತ್ತಿದ್ದರು. ಉಳಿದವುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿದ್ದರು. ಸೀಟೆಂದರೆ ಬರೀ ಮರದ ಪಟ್ಟಿ. ಒಂದೊಂದು ಜರ್ಕಿಗೂ ಬೆನ್ನುಮೂಳೆ ಎಣಿಸಬಹುದಿತ್ತು. ಫ್ಯಾನಿನ ಕೆಳಗೆ ಕೂತು ಲಾಭ ನಷ್ಟ ಬರೆದವರನ್ನು ಆ ಹಲಗೆಗೆ ಕಟ್ಟಿ ಕೂರಿಸಬೇಕಿತ್ತು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಗಾಡಿ ನಿಲ್ಲುವ ಮೊದಲೇ, ಎಲ್ಲರಂತೆ ನಾನೂ ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆಸೆದು ಸೀಟು ಹಿಡಿದೆ. ನೂಕಿಕೊಂಡು ಒಳಗೆ ಹೋದರೆ ಕಿಟಕಿ ಪಕ್ಕ ಒಬ್ಬರಿಗಾಗುವಷ್ಟು ಜಾಗ ಖಾಲಿಯಿತ್ತು. ಅಷ್ಟು ಜನ ನಿಂತಿದ್ದರೂ ಯಾರೂ ಅಲ್ಲಿ ಕೂತಿರಲಿಲ್ಲ. ಟವೆಲು ಕೆಳಗೆಲ್ಲೋ ಜಾರಿರಬೇಕು, ಅದರ ಮರ್ಯಾದೆಗೇ ಜಾಗ ಬಿಟ್ಟಿದ್ದಾರೆ ಅಂದುಕೊಂಡು ಅವಳನ್ನು ಕೂರಿಸಿ ಎದುರೇ ನಿಂತೆ. ದಾರಿಯಲ್ಲಿ ಎಕ್ಸ್‌ಪ್ರೆಸ್ ಮುಂದೆ ಹೋಗಲೆಂದು ನಮ್ಮ ಗಾಡಿಯನ್ನು ಒಂದು ಗಂಟೆ ನಿಲ್ಲಿಸಿದರು. ಕಿಟಕಿಯಿಂದಲೇ ಗಾರ್ಡನ್ನು ಬಾಯಿಗೆ ಬಂದಂತೆ ಬೈದೆ.

"ನನ್ ಕೈಯಲ್ಲಿ ಏನೈತೆ ಸ್ವಾಮಿ? ಸಿಗ್ನಲ್ ಕೊಡ್ಬೇಕಲ್ಲ," ಎಂದ. ಸಾವಿತ್ರಿ ಮಾತ್ರ ನರಳದೆ ಕಣ್ಣು ಮುಚ್ಚಿ ಕೂತಿದ್ದಳು.

ತುಮಕೂರಿನಲ್ಲಿ ಇಳಿಯುವಾಗ ಟವೆಲು ಹುಡುಕಿದೆ. ಅದು ಮುಂದಿನ ಸಾಲಿನಲ್ಲಿ, ಕೊಬ್ಬರಿ ವ್ಯಾಪಾರಿಯೊಬ್ಬರ ಕೆಳಗಿತ್ತು.

"ಗುಬ್ಬೀಲಿ ಇಲ್ಲೇ ಬಂದು ಬಿತ್ತು ಕಣಪ್ಪ. ಯಾರೂ ಬರ್ಲಿಲ್ಲ, ಕೂತ್ಕಂಡೆ," ಎಂದರು. ಹಾಗಾದರೆ ನಮಗೆ ಆ ಜಾಗ ಹಿಡಿದವರು ಯಾರು?

ಆಸ್ಪತ್ರೆಯಲ್ಲಿ ನೋವು ನಿಂತಿತು. ಮಗು ಉಳಿಯಿತು, ದಿನ ತುಂಬಿ ಹೆಣ್ಣು ಹುಟ್ಟಿತು. ಆದರೆ ಆಸ್ಪತ್ರೆಗೆ ಬಂದ ದಿನ ಸಂಜೆಯೇ ಸಾವಿತ್ರಿ ನನ್ನ ಮೇಲೆ ಕೆಂಡಾಮಂಡಲವಾದಳು.

"ಕಿಟಕಿ ಪಕ್ಕ ಇದ್ದ ಅಜ್ಜಿ ದಾರಿ ಪೂರ್ತಿ ನನ್ ಸೊಂಟದ ಹಿಂದೆ ಕೈ ಕೊಟ್ಕಂಡಿದ್ರು. ಒಂದು ಜರ್ಕ್ ತಾಗ್ಲಿಲ್ಲ. ಅವ್ರನ್ನ ಇಳಿಸೋದಿರ್ಲಿ, ಮುಖಾನೂ ನೋಡ್ಲಿಲ್ವಲ್ಲ ನೀವು!"

ಕಿಟಕಿಗೂ ಅವಳಿಗೂ ನಡುವೆ ಅಂಗೈ ತೂರುವಷ್ಟೂ ಜಾಗವಿರಲಿಲ್ಲ. ನಾನೇ ಕೂರಿಸಿದ್ದೆ, ನಾನೇ ಎದುರಿಗಿದ್ದೆ. ಎಷ್ಟು ಹೇಳಿದರೂ ಅವಳು ಈಗಲೂ ಒಪ್ಪುವುದಿಲ್ಲ.

"ಗಾರ್ಡ್ ಜೊತೆ ಜಗಳ ಆಡೋದ್ರಲ್ಲೇ ಇದ್ರಿ. ನಿಮಗೆಲ್ಲಿ ಕಾಣ್ಬೇಕು?" ಎನ್ನುತ್ತಾಳೆ.