ಸಾಣೆ ಹಿಡಿದ ತಲವಾರು

ಗೂಳಪ್ಪ ಈಗ ಎಡಗೈಯಿಂದ ಉಣ್ಣುತ್ತಾನೆ. ಬಲಗೈಯ ಎರಡು ಬೆರಳು ಹೋದದ್ದು ನನ್ನ ಕಣ್ಣೆದುರಿಗೇ.

ಖಡಕವಾಸಲಾ ಕೆರೆಯ ದಂಡೆಯಲ್ಲಿ ಒಂದು ಧರ್ಮಸಂಸ್ಥೆಯವರು ಬೇಸಿಗೆಯಲ್ಲಿ ಬಡಮಕ್ಕಳ ಶಿಬಿರ ನಡೆಸುತ್ತಾರೆ. ಅಲ್ಲಿಯ ಅಡುಗೆಮನೆಯಲ್ಲಿ ನಾನು ಭಕ್ರಿ, ಅಂದರೆ ಜೋಳದ ರೊಟ್ಟಿ, ಬಡಿಯುತ್ತೇನೆ. ಶಿಬಿರದ ಒಂದು ಕೋಣೆಯೇ ಮ್ಯೂಸಿಯಂ: ಹಳೆಯ ನಾಣ್ಯ, ಬೀಸುಕಲ್ಲು, ಗುರಾಣಿ, ಗಾಜಿನ ಪೆಟ್ಟಿಗೆಯಲ್ಲೊಂದು ತಲವಾರು. ನೋಡಿಕೊಳ್ಳುವವನು ಗೂಳಪ್ಪ. ಗೋಕಾಕದ ಕಡೆಯವನು, ಖಡಕಿಯ ಕಾರ್ಖಾನೆಯಲ್ಲಿ ಸಾಣೆಯ ಕೆಲಸ ಮಾಡಿ ನಿವೃತ್ತನಾದವನು.

ಪ್ರತಿ ವರ್ಷ ದಸರೆಯ ಖಂಡೇನವಮಿಗೆ, ಆಯುಧಪೂಜೆಯ ದಿನ, ಅವನು ಆ ತಲವಾರನ್ನು ಹೊರಗೆ ತೆಗೆದು, ಸಾಣೆ ಹಿಡಿದು, ಎಣ್ಣೆ ಸವರಿ, ಕುಂಕುಮವಿಟ್ಟು ಪೂಜಿಸುತ್ತಿದ್ದ. ಮೊಂಡಾದ ಆಯುಧವನ್ನು ದೇವಿಯ ಮುಂದೆ ಇಡಬಾರದೆಂದು ಅವನ ತಂದೆ ಕಲಿಸಿದ್ದನಂತೆ. ಆ ಹೊತ್ತಿಗೆ ಶಿಬಿರದಲ್ಲಿ ಅವನ ಹೊರತು ಯಾರೂ ಇರುವುದಿಲ್ಲ. ಹೀಗಾಗಿ ಈ ಸಂಗತಿ ನಮಗಾರಿಗೂ ಗೊತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ಯೆರವಡಾದಿಂದ ಪೂರ್ವಾ ಎಂಬ ಹುಡುಗಿ ಬಂದಿದ್ದಳು. ಅವಳ ತಂದೆ ಸುಖೇಶ ಕುಡಿದು ಹೆಂಡತಿಯ ಹಲ್ಲು ಮುರಿದಿದ್ದ. ಅವನ ಕೈಗೆ ಮಗಳು ಸಿಗಬಾರದೆಂದೇ ತಾಯಿ ಇಲ್ಲಿಗೆ ಕಳಿಸಿದ್ದಳು. ಅವನು ಜಾಡು ಹಿಡಿದು ಬಂದೇಬಿಟ್ಟ. ಗೂಳಪ್ಪ ಮಕ್ಕಳಿಗೆ ನಾಣ್ಯ ತೋರಿಸುತ್ತಿದ್ದ. ನಾನು ಮಜ್ಜಿಗೆಯ ಕೊಡ ಹೊತ್ತು ಒಳಗೆ ಬಂದಿದ್ದೆ.

"ನಡೀ ಮನೀಗೆ!" ಎಂದು ಸುಖೇಶ ಮಗಳ ಜಡೆ ಹಿಡಿದು ಎಳೆದ. ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿದು ರಕ್ತ ಸುರಿಯಿತು. ಅಡ್ಡ ಬಂದ ಗೂಳಪ್ಪನ ಹೊಟ್ಟೆಗೆ ಒದ್ದ. ಶಿಬಿರ ನಡೆಸುವ ರಾಜೀವ ಸಾಹೇಬರು ಓಡಿಬಂದು ಹುಡುಗಿಯನ್ನು ಬಿಡಿಸಿದರು. ಆಗ ಅವನು ಮೊಣಕೈಯಿಂದ ಗಾಜು ಒಡೆದು ತಲವಾರು ಎತ್ತಿಕೊಂಡ.

ಸಾಹೇಬರು ನಕ್ಕರು. "ಏ, ಅದು ಬೆಣ್ಣೀನೂ ಕೊಯ್ಯಂಗಿಲ್ಲೋ. ಇಡು ಕೆಳಗ."

"ಹೋಗಬ್ಯಾಡ್ರಿ ಸಾಹೇಬ್ರ! ಸಾಣಿ ಹಿಡದೀನ್ರಿ ಅದಕ್ಕ!" ಎಂದು ಗೂಳಪ್ಪ ಕೂಗಿದ.

ಸಾಹೇಬರು ಎದೆಯೊಡ್ಡಿ ನಡೆದೇ ಹೋದರು. ಸುಖೇಶ ತಲವಾರು ಬೀಸಿದ. ಗೂಳಪ್ಪ ನುಗ್ಗಿ ಬರಿಗೈಯಿಂದ ಅಲಗನ್ನೇ ಹಿಡಿದ. ಎರಡು ಬೆರಳು ನೆಲಕ್ಕೆ ಬಿದ್ದವು. ಆದರೂ ಬಿಡಲಿಲ್ಲ. ಸುಖೇಶ ಜಗ್ಗಿದಷ್ಟೂ ಅದು ಅಂಗೈಯೊಳಗೆ ಇಳಿಯಿತು. ನಾನು ಹಿತ್ತಾಳೆಯ ಕೊಡವನ್ನು ಸುಖೇಶನ ಕಿವಿಯ ಮೇಲೆ ಅಪ್ಪಳಿಸಿದೆ. ಬಿದ್ದ. ಏಳಲು ನೋಡಿದ. ಇನ್ನೊಂದು ಏಟು ಹಾಕಿದೆ. ದವಡೆ ಮುರಿದ ಸಪ್ಪಳ ಕೇಳಿತು. ನನಗೇನೂ ಕನಿಕರ ಬರಲಿಲ್ಲ.

ದವಾಖಾನೆಗೆ ಪೊಲೀಸರು ಬಂದರು. ಮಕ್ಕಳ ನಡುವೆ ಹರಿತವಾದ ಆಯುಧ ಇಟ್ಟವರು ಯಾರೆಂದು ಕೇಳಿದರು.

"ಸುಮ್ನಿರು ಗೂಳಪ್ಪ, ತಲವಾರ ಮೊದಲಿಂದ ಹರಿತ ಇತ್ತು ಅಂತೀನಿ" ಎಂದು ಸಾಹೇಬರು ಪಿಸುಗುಟ್ಟಿದರು.

"ಹಂಗಂದ್ರ ಶಿಬಿರಕ್ಕ ಬೀಗ ಹಾಕ್ತಾರ್ರಿ. ಈ ಕೂಸು ತಿರುಗಿ ಅದೇ ಮನೀಗೆ ಹೋಗಬೇಕೇನ್ರಿ?" ಎಂದವನೇ ಗೂಳಪ್ಪ ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡ. ಅವನ ಮೇಲೂ ಕೇಸಾಯಿತು, ಕೆಲಸ ಹೋಯಿತು. ಶಿಬಿರ ಉಳಿಯಿತು.

ಸುಖೇಶ ಜೈಲಿನಲ್ಲಿರುವಾಗಲೇ ತಾಯಿ ಖರಾಡಿಯಲ್ಲಿ ತನ್ನ ಅಕ್ಕನ ಹತ್ತಿರ ಮನೆ ಹಿಡಿದು ಮಗಳನ್ನು ಕರೆದೊಯ್ಯಲು ಬಂದಳು. ತನ್ನ ಸಾಮಾನು ಒಯ್ಯಲು ಬಂದಿದ್ದ ಗೂಳಪ್ಪನ ಕಾಲಿಗೆ ಪೂರ್ವಾ ಬಗ್ಗಿದಳು. ಅವನು ಹಿಂದೆ ಸರಿದ.

"ಮುಟ್ಟಬ್ಯಾಡವಾ. ಅವತ್ತ ನಾ ಸಾಣಿ ಹಿಡದ ತಲವಾರ ನಿನ್ನ ಕುತ್ತಿಗೀ ಮ್ಯಾಲ ಬರತಿತ್ತು. ಸಾಹೇಬ್ರು ನಡುವ ಬಂದ್ರು, ಅಷ್ಟ."

ಹುಡುಗಿ ಕೇಳದೆ ಕಾಲು ಮುಟ್ಟಿಯೇ ಹೋದಳು.